ಚಿತ್ರ ಬರೆಯಲು ಬಾರದವರೂ ಕೊಡಬಲ್ಲರು

ಗಣಕಯಂತ್ರದ ಆಟಗಳನ್ನು ರಚಿಸುವವರಿಗೆ ಚಿತ್ರ, ಧ್ವನಿಗಳನ್ನು ಉಚಿತವಾಗಿ ಒದಗಿಸುವ ‘ಓಪನ್ ಗೇಮ್ ಆರ್ಟ್’ ಎಂಬ ಅಂತರ್ಜಾಲ ಭಂಡಾರವು 2009ರಲ್ಲಿ ಆರಂಭವಾಯಿತು. ನಮ್ಮ ಮಕ್ಕಳು ಆಡುವ ಆಟಗಳಲ್ಲಿ ನಮ್ಮ ಗಡಿನಾಡು ಕಾಣಸಿಗುವುದು ಅಪರೂಪ. ಚಿತ್ರ ಬರೆಯಲಾರದ ನಾವೂ ಈ ಕೊರತೆಯನ್ನು ತುಂಬಬಹುದು.

ಕೊತ್ತಪಲ್ಲಿಯ ಕಲ್ಲುಗೋಡೆಯನ್ನೋ ಬಿರುಕುಬಿಟ್ಟ ನೆಲವನ್ನೋ ನೇರವಾಗಿ, ಸಮಬೆಳಕಿನಲ್ಲಿ ಛಾಯಾಚಿತ್ರ ತೆಗೆದರೆ ಅದೇ ಆಟದೊಳಗಿನ ಗೋಡೆ, ನೆಲವಾಗುತ್ತದೆ. ಅಮ್ಮ ರೊಟ್ಟಿ ಬಡಿಯುವ ಸದ್ದು, ನೇಕಾರರ ಒಪ್ಪಿಗೆ ಪಡೆದು ಮುದ್ರಿಸಿಕೊಂಡ ನಾರಾಯಣಪೇಟೆಯ ಕೈಮಗ್ಗದ ಸದ್ದು ಇವೂ ಅಲ್ಲಿ ಸಲ್ಲುತ್ತವೆ.

ಕೊಡುವ ಮುನ್ನ ಪರವಾನಗಿಯನ್ನು ತಿಳಿಯಬೇಕು. ‘ಸಿಸಿ ಝೀರೋ’ ಆರಿಸಿದರೆ ಹಕ್ಕುಗಳನ್ನೆಲ್ಲ ಬಿಟ್ಟುಕೊಟ್ಟಂತೆ. ‘ಸಿಸಿ ಬೈ’ ಆರಿಸಿದರೆ ಬಳಸುವವರು ನಮ್ಮ ಹೆಸರನ್ನು ನಮೂದಿಸಲೇಬೇಕು. ಗೂಗಲ್‌ನಲ್ಲಿ ಸಿಕ್ಕಿದ್ದೆಲ್ಲ ನಮ್ಮದಲ್ಲ, ಅದನ್ನು ಏರಿಸಲಾಗದು. ಅನ್ಯರ ಕೃತಿಯನ್ನು ಯಾರಾದರೂ ತಮ್ಮದೆಂದು ಏರಿಸಿದ್ದು ಕಂಡರೆ ನಿರ್ವಾಹಕರಿಗೆ ತಿಳಿಸುವುದೂ ದೊಡ್ಡ ಸೇವೆಯೇ. ಹುಡುಕಲು ನೆರವಾಗುವ ಸೂಚಕಪದಗಳನ್ನು ನಮ್ಮ ಕೊಡುಗೆಗೆ ಸರಿಯಾಗಿ ಜೋಡಿಸಬೇಕು.

ಮಕ್ಕಳ ಮುಖಗಳನ್ನು ಏರಿಸದಿರೋಣ. ಖಾತೆಯನ್ನು ಹಿರಿಯರೇ ನಿರ್ವಹಿಸಲಿ. ಯಾವುದು ಯಾರದು, ಕೇಳದೆ ಯಾವುದನ್ನು ತೆಗೆದುಕೊಳ್ಳಬಾರದು ಎಂಬ ಪಾಠವನ್ನು ಮಕ್ಕಳು ಈ ಕೆಲಸದಲ್ಲೇ ಕಲಿಯುತ್ತಾರೆ. ನಮ್ಮೂರಿನ ಗೋಡೆಯೊಂದು ಎಲ್ಲಿಯೋ ಒಂದು ಆಟದಲ್ಲಿ ಕಂಡ ದಿನ, ಅದು ತಮ್ಮದೆಂದು ಅವರೇ ಹೇಳಿಯಾರು.