ಕಾಣೆಯಾದ ಮಗುವೆಂದರೆ ಯಾರು?

ಕೆಲವು ವರ್ಷಗಳ ಕೆಳಗೆ ನಮ್ಮ ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ಬೆಳಿಗ್ಗೆ ಮನೆಯಿಂದ ಹೊರಟವಳು ಶಾಲೆಗೆ ಬರಲಿಲ್ಲ. ನಾವು ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತನ್ನು ಹಾಕಿ ಸುಮ್ಮನಾದೆವು. ಮನೆಯವರಾದರೋ ಅವಳು ಶಾಲೆಯಲ್ಲಿರುವಳೆಂದೇ ಸಂಜೆಯ ವರೆಗೆ ನಂಬಿದ್ದರು. ತಿಳಿದ ಮೇಲೂ, ಹೆಣ್ಣುಮಗಳ ಸಂಗತಿಯು ನಾಲ್ಕು ಜನರ ಬಾಯಿಗೆ ಬಿದ್ದರೆ ಮನೆತನದ ಮಾನ ಹೋದೀತೆಂದು ಅಂಜಿ, ಒಂದು ದಿನ ಕಳೆಯದೆ ಪೋಲೀಸರು ದೂರು ಬರಕೊಳ್ಳರೆಂಬ ನೆರೆಯವರ ಮಾತನ್ನೂ ನಂಬಿ, ಎರಡು ರಾತ್ರಿ ಸುಮ್ಮನಿದ್ದರು. ಮೂರನೆಯ ದಿನ ಅವಳು ದೂರದ ಊರಿನ ಬಸ್ ನಿಲ್ದಾಣದಲ್ಲಿ ಸಿಕ್ಕಿದಳು. ಪರೀಕ್ಷೆಯ ಅಂಕಗಳಿಗೆ ಹೆದರಿ ಹೋಗಿದ್ದಳಂತೆ. ಆ ಎರಡು ರಾತ್ರಿಗಳನ್ನು ನೆನೆದರೆ ಈಗಲೂ ನಮ್ಮ ಮೈ ನಡುಗುತ್ತದೆ. ತಪ್ಪು ಮನೆಯವರದು ಮಾತ್ರವಲ್ಲ, ನಮ್ಮದೂ ಹೌದು. ಆದಕಾರಣ ಈ ವಿಷಯದಲ್ಲಿ ಕಾನೂನು ಏನು ಹೇಳುತ್ತದೆಂಬುದನ್ನು ಪೋಷಕರಿಗೂ, ಈಗ ತಾವೇ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಿಳಿಸುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಬಚಪನ್ ಬಚಾವೋ ಆಂದೋಲನವೆಂಬ ಸಂಸ್ಥೆಯು ತಂದ ಮೊಕದ್ದಮೆಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು 2013ನೆಯ ಇಸವಿಯ ಮೇ 10ರಂದು ಇದರ ಅರ್ಥವನ್ನು ನಿರ್ಣಯಿಸಿತು. ಅದರ ತಾತ್ಪರ್ಯವೇನೆಂದರೆ: ಹದಿನೆಂಟು ವರ್ಷ ತುಂಬದ ಯಾವ ವ್ಯಕ್ತಿಯು ಎಲ್ಲಿರುವನೆಂಬುದು ತಂದೆತಾಯಿಗಳಿಗಾಗಲಿ, ನ್ಯಾಯವಾದ ಪಾಲಕರಿಗಾಗಲಿ ತಿಳಿಯದೋ, ಆ ವ್ಯಕ್ತಿಯು ಹೋದ ಕಾರಣವು ಏನೇ ಇರಲಿ, ಕಾಣೆಯಾದ ಮಗುವೇ ಸರಿ, ಪತ್ತೆಯಾಗುವ ಇಲ್ಲವೆ ಕ್ಷೇಮವು ಖಚಿತವಾಗುವ ತನಕ ಹಾಗೆಯೇ ಎಣಿಸಲ್ಪಡತಕ್ಕದ್ದು.

ಇದರಲ್ಲಿ 'ಕಾರಣವು ಏನೇ ಇರಲಿ' ಎಂಬ ಮಾತನ್ನು ವಾಚಕರು ಚೆನ್ನಾಗಿ ಗಮನಿಸಬೇಕು. ಮಗು ದಾರಿ ತಪ್ಪಿತೋ, ಮುನಿದು ಹೋಯಿತೋ, ಯಾರಾದರೂ ಪುಸಲಾಯಿಸಿ ಕರೆದೊಯ್ದರೋ, ಇವೆಲ್ಲ ಆಮೇಲೆ ವಿಚಾರಿಸತಕ್ಕ ಸಂಗತಿಗಳು. 'ತಾನಾಗಿಯೇ ಹೋದಳು' ಎಂಬ ಕಾರಣದಿಂದ ಬಾಲಕಿಯು ರಕ್ಷಣೆಯ ಹಕ್ಕನ್ನು ಕಳಕೊಳ್ಳುವುದಿಲ್ಲ. 2015ನೆಯ ಬಾಲನ್ಯಾಯ ಕಾಯ್ದೆಯೂ ಕಾಣೆಯಾದ ಮಗುವನ್ನೂ ಮನೆಬಿಟ್ಟು ಓಡಿಹೋದ ಮಗುವನ್ನೂ ಒಂದೇ ಸಾಲಿನಲ್ಲಿ, ಪಾಲನೆ ಪೋಷಣೆಗಳ ಅಗತ್ಯವುಳ್ಳ ಮಕ್ಕಳೊಳಗೆ, ಸೇರಿಸಿದೆ.

ಎಷ್ಟು ಹೊತ್ತು ಕಳೆದಿರಬೇಕೆಂಬ ಮಾತು ಆ ಅರ್ಥದಲ್ಲಿ ಎಲ್ಲಿಯೂ ಇಲ್ಲ. ಆದುದರಿಂದ 24 ಗಂಟೆ ಕಾಯಬೇಕೆಂಬುದು ಬರಿಯ ವದಂತಿ. ದೂರು ಬಂದಾಗ ಠಾಣೆಯವರು ಪ್ರಥಮ ವರ್ತಮಾನ ವರದಿಯನ್ನು ಬರೆಯಬೇಕೆಂದೂ, ಬೇರೆಯೆಂದು ತನಿಖೆಯಲ್ಲಿ ಸಿದ್ಧವಾಗುವ ತನಕ ಅಪಹರಣ ಇಲ್ಲವೆ ಮಕ್ಕಳ ಮಾರಾಟವೆಂದೇ ಊಹಿಸಿ ನಡೆಯಬೇಕೆಂದೂ ನ್ಯಾಯಾಲಯವು ಅಪ್ಪಣೆ ಮಾಡಿತು. ನಾಲ್ಕು ತಿಂಗಳಲ್ಲಿ ಮಗು ಸಿಕ್ಕದಿದ್ದರೆ ಪ್ರಕರಣವನ್ನು ಮಾನವ ಕಳ್ಳಸಾಗಣೆಯನ್ನು ತಡೆಯುವ ವಿಶೇಷ ಪೋಲೀಸ್ ಘಟಕಕ್ಕೆ ಒಪ್ಪಿಸಬಹುದು. ಹಿಂದಿನ ದಂಡ ಸಂಹಿತೆಯಲ್ಲಿ ಪಾಲಕರ ವಶದಿಂದ ಅಪಹರಿಸುವ ಅಪರಾಧಕ್ಕೆ ಹುಡುಗರಿಗೆ 16, ಹುಡುಗಿಯರಿಗೆ 18 ಎಂದು ಬೇರೆ ಬೇರೆ ವಯೋಮಿತಿಗಳಿದ್ದವು. 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಬ್ಬರಿಗೂ 18 ಆಗಿದೆ.

ಇನ್ನೊಂದು ಮಾತು. ಪಾಲಕರಿಂದ ಅಗಲಿದ ಮಗುವೊಂದು ಕಣ್ಣಿಗೆ ಬಿದ್ದರೆ, ಅದನ್ನು ಕಂಡು ತಮ್ಮ ವಶಕ್ಕೆ ತೆಗೆದುಕೊಂಡವರು 24 ಗಂಟೆಗಳೊಳಗಾಗಿ ಪೋಲೀಸರಿಗಾಗಲಿ, ಮಕ್ಕಳ ಕಲ್ಯಾಣ ಸಮಿತಿಗಾಗಲಿ, 1098 ಎಂಬ ದೂರವಾಣಿಗಾಗಲಿ ತಿಳಿಸತಕ್ಕದ್ದು. ತಿಳಿಸದಿರುವುದು ಅಪರಾಧ, ಅದಕ್ಕೆ ಆರು ತಿಂಗಳ ವರೆಗೆ ಸೆರೆಯೋ, ಹತ್ತು ಸಾವಿರ ರೂಪಾಯಿ ದಂಡವೋ, ಎರಡೂ ಸಹ ಆಗಬಹುದು.

ಆ ಬಾಲಕಿಯ ಪ್ರಸಂಗವಾದಂದಿನಿಂದ, ಹಾಜರಿ ಕರೆದಾಗ ಇಲ್ಲದ ಹುಡುಗಿಯ ಮನೆಗೆ ಮೊದಲನೆಯ ಪಾಠವು ಮುಗಿಯುವುದರೊಳಗೆ ನಾವು ದೂರವಾಣಿ ಮಾಡುತ್ತೇವೆ. ಪೋಷಕರು ಇದರಿಂದ ಬೇಸರಪಡಬಾರದು. ರಜೆಯಿದ್ದರೆ ಮುಂಚಿತವಾಗಿ ಚೀಟಿ ಕಳುಹಿಸಬೇಕು. ಮಗಳು ಕಾಣದ ಘಳಿಗೆಯಲ್ಲಿ ಜನರ ಮಾತಿಗೆ ಅಂಜದೆ ಹತ್ತಿರದ ಠಾಣೆಗೆ ಹೋಗಬೇಕು. ತಿರುಗಿ ಬಂದವಳನ್ನು ಬೈಗಳಿಂದಲ್ಲ, ಊಟವಿಟ್ಟು ಎದುರುಗೊಳ್ಳಬೇಕು. ನಮ್ಮ ಆ ವಿದ್ಯಾರ್ಥಿನಿಗೆ ಅವಳ ತಾಯಿ ಹಾಗೆಯೇ ಮಾಡಿದರು. ಮರುವಾರ ಅವಳು ತನ್ನ ಹಳೆಯ ಬೆಂಚಿನಲ್ಲಿ ಕುಳಿತಿದ್ದಳು.