ಮೈ ಉಜ್ಜಲು ಮಳೆಗಾಲ ಕಳೆಯಲಿ

ಉದ್ದನೆಯ ಹಿಡಿಕೆ, ಅಂಗೈ ಅಗಲದ ಮರದ ತಲೆ, ಅದಕ್ಕೆ ಒತ್ತೊತ್ತಾಗಿ ನೆಟ್ಟ ಕತ್ತಾಳೆಯ ಒರಟು ಎಳೆಗಳು. ಕುದುರೆಯ ಮೈ ತಿಕ್ಕುವ ಬ್ರಷ್ಷಿನಂತೆ ಕಾಣುವ ಈ ಸಾಮಾನು ಆನ್‌ಲೈನ್‌ನಲ್ಲಿ ಒತ್ತಿದರೆ ಸಾಕು, ಕಾಳಿ ನದಿ ದಂಡೆಯ ಕದ್ವಾಡಕ್ಕೂ ಬಂದಿಳಿಯುತ್ತದೆ. ಸ್ನಾನಕ್ಕೆ ಮೊದಲು, ಮೈಗೆ ಹನಿ ನೀರು ಸೋಕಿಸದೆ, ಪಾದದಿಂದ ಶುರುಮಾಡಿ ಎದೆಯ ಕಡೆಗೆ ಉಜ್ಜುತ್ತ ಬರಬೇಕು. ಇದಕ್ಕೆ ಡ್ರೈ ಬ್ರಷಿಂಗ್ ಎಂದು ಹೆಸರು. ಸತ್ತ ಚರ್ಮ ಉದುರುತ್ತದೆ, ಚರ್ಮಕ್ಕೆ ರಕ್ತ ಹರಿದುಬರುತ್ತದೆ, ಮೈಯೊಳಗಿನ ವಿಷ ಹೊರಬೀಳುತ್ತದೆ, ತೊಡೆಯ ಮೇಲಿನ ಕೊಬ್ಬಿನ ಗುಳಿಗಳು ಮಾಯವಾಗುತ್ತವೆ ಎಂದು ಮೊಬೈಲಿನ ವಿಡಿಯೊಗಳು ಹೇಳುತ್ತವೆ. ಮೊದಲಿನ ಎರಡು ನಿಜ. ಉಳಿದೆರಡು ಮಾರಾಟದ ಮಾತು.

ನಮ್ಮ ಚರ್ಮದ ತೀರ ಹೊರಗಿನ ಪದರವೆಂದರೆ 15–20 ಸಾಲು ಸತ್ತ ಕೋಶಗಳು. ಅಡಿಯಲ್ಲಿ ಹುಟ್ಟಿದ ಕೋಶ ಮೇಲೇರಿ ಬಂದು ಉದುರಿಹೋಗಲು ಹರೆಯದವರಲ್ಲಿ ಸುಮಾರು 4 ವಾರ ಹಿಡಿಯುತ್ತದೆ. ವಯಸ್ಸಾದಂತೆ ಇನ್ನೂ ನಿಧಾನ. ಉದುರುವ ಕೆಲಸ ತಾನಾಗಿಯೇ ನಡೆಯುತ್ತದೆ, ಬ್ರಷ್ ಅದನ್ನು ಚೂರು ಚುರುಕುಗೊಳಿಸುತ್ತದೆ ಅಷ್ಟೆ. ಉಜ್ಜಿದ ಜಾಗ ಕೆಂಪಾಗುವುದು ಸಣ್ಣ ರಕ್ತನಾಳಗಳು ಹಿಗ್ಗುವುದರಿಂದ. ಸ್ವಲ್ಪ ಹೊತ್ತಿಗೆ ಅದೂ ಇಳಿಯುತ್ತದೆ. ಮೈಯ ಕಲ್ಮಶ ತೆಗೆಯಲು ಪಿತ್ತಜನಕಾಂಗ, ಮೂತ್ರಪಿಂಡಗಳಿವೆ. ಆ ಕೆಲಸ ಕತ್ತಾಳೆ ನಾರಿನಿಂದ ಆಗುವುದಿಲ್ಲ. ಕೊಬ್ಬಿನ ಗುಳಿಗಳದ್ದೂ ಅದೇ ಕಥೆ: ತಿಕ್ಕಿದ ಚರ್ಮ ತುಸು ಊದಿಕೊಂಡು ಗುಳಿ ಮರೆಯಾಗುತ್ತದೆ, ಸಂಜೆಗೆ ಮತ್ತೆ ಕಾಣುತ್ತದೆ.

ಹೊಸದಾಗಿ ಕಂಡರೂ ಇದೇನು ಹೊಸ ಪದ್ಧತಿಯಲ್ಲ. ಜಪಾನಿನಲ್ಲಿ ಚಳಿಗಾಲದ ಬೆಳಿಗ್ಗೆ ಒಣ ಟವೆಲಿನಿಂದ ಮೈ ಉಜ್ಜಿಕೊಳ್ಳುವ ರೂಢಿ ಶಾಲೆಗಳಲ್ಲೂ ಇತ್ತು. ನಮ್ಮ ವಾಗ್ಭಟನ ‘ಅಷ್ಟಾಂಗ ಹೃದಯ’ದ ದಿನಚರ್ಯೆಯ ಅಧ್ಯಾಯದಲ್ಲಿ ಅಭ್ಯಂಗ, ವ್ಯಾಯಾಮ ಆದ ಮೇಲೆ, ಸ್ನಾನಕ್ಕೆ ಮೊದಲು ಉದ್ವರ್ತನ ಬರುತ್ತದೆ, ಅಂದರೆ ಪುಡಿ ಹಚ್ಚಿ ಮೈ ತಿಕ್ಕುವುದು. ಕಫ ಇಳಿಯುತ್ತದೆ, ಮೇದಸ್ಸು ಕರಗುತ್ತದೆ ಎಂಬ ಮಾತು ಅಲ್ಲೂ ಇದೆ. ಕೂತಲ್ಲೇ ಕೊಬ್ಬು ಕರಗಿಸುವ ಆಸೆ ಇವತ್ತಿನದಲ್ಲ, ಬಿಡಿ.

ಕಾರವಾರ, ಅಂಕೋಲೆಯ ಕಡೆ ಮೈ ಉಜ್ಜುವುದೆಂದರೆ ಎಣ್ಣೆಯ ಜೊತೆಗೇ. ನರಕ ಚತುರ್ದಶಿಯ ನಸುಕಿನ ಸ್ನಾನವನ್ನೇ ನೋಡಿ. ಹಿಂದಿನ ರಾತ್ರಿ ಹಂಡೆ ತೊಳೆದು, ಹಿಂಡಲಕಾಯಿಯ ಬಳ್ಳಿ ಸುತ್ತಿ ನೀರು ತುಂಬಿರುತ್ತಾರೆ. ಬೆಳಗಾಗುವ ಮೊದಲೇ ಮೈತುಂಬ ತೆಂಗಿನೆಣ್ಣೆ. ಎಣ್ಣೆ ಇಳಿದ ಮೇಲೆ ಕಡಲೆಹಿಟ್ಟೋ ಸೀಗೆಪುಡಿಯೋ ಉಟಣೆಯೋ. ಆಮೇಲೆ ಬೆನ್ನಿಗೆ ಹೀರೇಕಾಯಿಯ ನಾರು, ಹಿಮ್ಮಡಿಗೆ ಒರಟು ಕಲ್ಲು. ಎಣ್ಣೆ ಇರುವುದರಿಂದ ನಾರು ಜಾರುತ್ತದೆ, ಚರ್ಮ ಕೆರೆದುಹೋಗುವುದಿಲ್ಲ. ಬಚ್ಚಲಮನೆಯಲ್ಲಿ ಇನ್ನೊಂದು ಅನುಕೂಲವೂ ಇತ್ತು: ತೆಂಗಿನ ಸಿಪ್ಪೆ, ಮಡಲು ಉರಿಯುವ ಒಲೆ ಅಲ್ಲೇ ಪಕ್ಕದಲ್ಲಿ. ಗೂಟಕ್ಕೆ ಸಿಕ್ಕಿಸಿದ ನಾರು ಹೊಗೆಗೂ ಕಾವಿಗೂ ಗರಿಗರಿಯಾಗಿ ಒಣಗುತ್ತಿತ್ತು. ಇವತ್ತು ಒಲೆಯ ಜಾಗದಲ್ಲಿ ಗೀಸರ್, ನಾಲ್ಕೂ ಗೋಡೆಗೆ ಟೈಲ್ಸ್, ಮೇಲೆ ಒಂದು ಚಿಕ್ಕ ಕಿಂಡಿ. ಅಲ್ಲಿ ನೇತುಹಾಕಿದ ಬ್ರಷ್ ಜೂನ್‌ನಲ್ಲಿ ಒದ್ದೆಯಾದರೆ ಸೆಪ್ಟೆಂಬರ್‌ವರೆಗೂ ಪೂರ್ತಿ ಒಣಗುವುದಿಲ್ಲ.

ನನ್ನ ತಕರಾರು ಇರುವುದು ಇಲ್ಲೇ. ವಿಡಿಯೊ ಮಾಡುವವರ ಊರಲ್ಲಿ ಗಾಳಿ ಒಣಗಿರುತ್ತದೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಆ ದಿನಗಳಲ್ಲಿ ನಮ್ಮ ಚರ್ಮದ ತೊಂದರೆ ಒಣಗುವುದಲ್ಲ, ನೆನೆಯುವುದು. ನೆಟ್ಟಿಗೆ ಇಳಿದವರಿಗೆ ಬೆರಳ ಸಂದಿಯಲ್ಲಿ ಕೆಸರುಹುಣ್ಣು, ಕಾಳಿ ಅಳಿವೆಯಲ್ಲಿ ಬಳಚು ಹೆಕ್ಕುವವರಿಗೆ ಬಿಳಿಚಿ ಸುಕ್ಕಾದ ಅಂಗಾಲು, ಆಫೀಸಿಗೆ ಹೋಗುವವರಿಗೆ ಒದ್ದೆ ಬಟ್ಟೆಯಡಿ ಸೊಂಟದ ಸುತ್ತ ಗಜಕರ್ಣ. ಗಜಕರ್ಣ ಶಿಲೀಂಧ್ರದ ಸೋಂಕು. ಅದರ ಮೇಲೆ ಬ್ರಷ್ ಎಳೆದರೆ ಒಂದು ಕಡೆಯದು ನಾಲ್ಕು ಕಡೆಗೆ ಹಬ್ಬುತ್ತದೆ. ಅದೇ ಬ್ರಷ್ಷನ್ನು ಮನೆಯವರೆಲ್ಲ ಬಳಸಿದರೆ ಮನೆಮಂದಿಗೆಲ್ಲ ತುರಿಕೆ. ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಮುಲಾಮು ಇದಕ್ಕೆ ಪರಿಹಾರವಲ್ಲ. ತುರಿಕೆ ತಗ್ಗಿದಂತೆ ಅನಿಸುತ್ತದೆ, ಸೋಂಕು ಒಳಗೊಳಗೇ ಹರಡುತ್ತದೆ.

ಬ್ರಷ್ಷಿಗೂ ಒಂದು ಕಾಲವಿದೆ. ಡಿಸೆಂಬರ್ ಬಂತೆಂದರೆ ಘಟ್ಟದ ಕಡೆಯಿಂದ ಬೆಳಗಿನ ಒಣ ಗಾಳಿ ಬೀಸತೊಡಗುತ್ತದೆ. ಮೊಣಕಾಲ ಕೆಳಗೆ ಉಗುರಿನಿಂದ ಗೀಚಿದರೆ ಬಿಳಿ ಗೆರೆ ಮೂಡುತ್ತದೆ, ಮೊಣಕೈ ಬೂದಿ ಬಣ್ಣಕ್ಕೆ ತಿರುಗುತ್ತದೆ. ಆಗ ವಾರಕ್ಕೆ ಒಂದೆರಡು ಸಲ, ಮೂರ್ನಾಲ್ಕು ನಿಮಿಷ, ಹಗುರ ಕೈಯಲ್ಲಿ ಉಜ್ಜಿಕೊಂಡರೆ ಚರ್ಮ ನುಣುಪಾಗುತ್ತದೆ. ತೋಳಿನ ಹಿಂಭಾಗದ ಒರಟು ಗುಳ್ಳೆಗಳೂ ಕೊಂಚ ಮೆತ್ತಗಾಗುತ್ತವೆ. ಉರಿ ಹತ್ತಿತೆಂದರೆ ಒತ್ತಡ ಹೆಚ್ಚಾಯಿತೆಂದೇ ಅರ್ಥ. ಕೆಂಡದಂಥ ನೀರು ಬೇಡ, ಉಗುರುಬೆಚ್ಚಗಿದ್ದರೆ ಸಾಕು. ಮಿಂದು ಮೈ ಒರೆಸಿದ ಕೂಡಲೇ, ತೇವ ಪೂರ್ತಿ ಆರುವ ಮುನ್ನ ಎಣ್ಣೆ ಹಚ್ಚಿಕೊಳ್ಳಿ. ಎಣ್ಣೆ ಹಚ್ಚದೆ ಬರೀ ಉಜ್ಜಿ ಬಿಟ್ಟರೆ ಒಣ ಚರ್ಮ ಇನ್ನಷ್ಟು ಬಿರಿಯುತ್ತದೆ. ಮುಖಕ್ಕಂತೂ ಈ ಬ್ರಷ್ ಮುಟ್ಟಿಸಲೇಬೇಡಿ.

ಇಸುಬು, ಸೋರಿಯಾಸಿಸ್ ಇದ್ದವರು ದೂರವಿರುವುದೇ ಒಳ್ಳೆಯದು. ಸೋರಿಯಾಸಿಸ್‌ನಲ್ಲಿ ಉಜ್ಜಿದ ಗಾಯದ ಜಾಗದಲ್ಲೇ ಹೊಸ ಮಚ್ಚೆ ಏಳುವುದುಂಟು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾದವರು ಹಿಮ್ಮಡಿಯನ್ನು ಕಲ್ಲಿಗೆ ತಿಕ್ಕಬಾರದು. ಗಾಯವಾದದ್ದು ಅವರಿಗೆ ಗೊತ್ತೇ ಆಗುವುದಿಲ್ಲ. ಉಜ್ಜುವಾಗ ಮೈಯಲ್ಲಿ ಎಲ್ಲಾದರೂ ತಿಳಿಬಣ್ಣದ, ಮುಟ್ಟಿದರೂ ಅರಿವಾಗದ ಮಚ್ಚೆ ಕಂಡರೆ ಬ್ರಷ್ ಬದಿಗಿಟ್ಟು ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಿ. ಕುಷ್ಠರೋಗ ಶುರುವಾಗುವುದು ಹಾಗೆಯೇ, ಬೇಗ ತಿಳಿದರೆ ಅದು ಪೂರ್ತಿ ಗುಣವಾಗುತ್ತದೆ.

ಬ್ರಷ್ಷಿಗೆ ಐದಾರು ನೂರು ರೂಪಾಯಿ ಸುರಿಯುವ ಮೊದಲು ಹಿತ್ತಲ ಕಡೆ ಒಮ್ಮೆ ನೋಡಿ. ಮಳೆ ಶುರುವಾಗುವಾಗ ತುಪ್ಪದ ಹೀರೆಯ ಬೀಜ ಊರಿ ಚಪ್ಪರಕ್ಕೆ ಹಬ್ಬಿಸಿದರೆ, ಪಲ್ಯಕ್ಕೆ ಕೊಯ್ದು ಉಳಿದ ಎರಡು ಕಾಯಿ ಬಳ್ಳಿಯಲ್ಲೇ ಬಲಿತು ಒಣಗಲು ಐದಾರು ತಿಂಗಳು ಸಾಕು. ಡಿಸೆಂಬರ್ ಹೊತ್ತಿಗೆ ಸಿಪ್ಪೆ ಸುಲಿದು, ಬೀಜ ಕೊಡವಿ, ಬಿಸಿಲಿಗಿಟ್ಟು ತನ್ನಿ. ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಇರಲಿ, ಹಳತಾದರೆ ಗೊಬ್ಬರದ ಗುಂಡಿಗೆ ಎಸೆಯಿರಿ.