ಮನೆಯ ವೈಫೈಗೆ ಭದ್ರವಾದ ಬೀಗ



ತೋಟದ ಮನೆಗಳಿಗೂ ಈಗ ಫೈಬರ್ ತಂತಿ ಬಂದಿದೆ. ಧಾರಣೆ ನೋಡುವುದು, ಬ್ಯಾಂಕಿನ ವ್ಯವಹಾರ, ಮಕ್ಕಳ ಪಾಠ ಎಲ್ಲವೂ ವೈಫೈ ಮೂಲಕ ನಡೆಯುತ್ತಿವೆ. ಕಣದಲ್ಲಿ ಒಣಗುವ ಕಾಫಿಗೆ ರಾತ್ರಿ ಕಾವಲು ಹಾಕುವ ನಾವು ಈ ಬಾಗಿಲಿನ ವಿಷಯದಲ್ಲಿ ಮಾತ್ರ ಉದಾಸೀನರಾಗಿದ್ದೇವೆ.

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳುತ್ತೇವೆ. ನಮ್ಮ ಮನೆಯ ವೈಫೈ ಪಾಸ್‌ವರ್ಡ್ ಬಹುಕಾಲ ನಮ್ಮ ಮೊಬೈಲ್ ಸಂಖ್ಯೆಯೇ ಆಗಿತ್ತು. ಅದೇ ಸಂಖ್ಯೆ ತೋಟದ ಗೇಟಿನ ಫಲಕದಲ್ಲೂ ಇತ್ತು! ರಜೆಗೆ ಬಂದ ಮಗಳು ಎಚ್ಚರಿಸಿದ ಮೇಲೆಯೇ ನಮಗೆ ಅರಿವಾದದ್ದು. ಅನ್ಯರು ನಮ್ಮ ಸಂಪರ್ಕ ಬಳಸಿ ಅಪರಾಧವೆಸಗಿದರೆ, ವಿಚಾರಣೆ ಮೊದಲು ಬರುವುದು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ.

ಕಳ್ಳನು ಬೇಲಿಯಾಚೆ ನಿಂತು ಒಂದೊಂದೇ ಪದ ಒತ್ತಿ ನೋಡುವುದಿಲ್ಲ. ಬಹಳ ಮನೆಗಳಲ್ಲಿರುವ ಡಬ್ಲ್ಯೂಪಿಎ-2 ಪದ್ಧತಿಯಲ್ಲಿ, ಫೋನು ರೂಟರಿಗೆ ಜೋಡಣೆಯಾಗುವಾಗಿನ ಸಂಕೇತವನ್ನು ಹಿಡಿದುಕೊಂಡು ಹೋಗಿ, ತನ್ನ ಗಣಕಯಂತ್ರದಲ್ಲಿ ಸಾವಕಾಶವಾಗಿ ತಾಳೆ ನೋಡುತ್ತಾನೆ. ನಮ್ಮ ದೇಶದ ಮೊಬೈಲ್ ಸಂಖ್ಯೆಗಳು 6ರಿಂದ 9ರೊಳಗಿನ ಅಂಕಿಯಿಂದಲೇ ಆರಂಭವಾಗುವುದರಿಂದ ಸಾಧ್ಯತೆಗಳು 400 ಕೋಟಿ ಮಾತ್ರ. ಸೆಕೆಂಡಿಗೆ 10 ಲಕ್ಷ ಊಹೆ ಮಾಡುವ ಯಂತ್ರಕ್ಕೆ ಇದು ತಾಸಿಗಿಂತ ಸ್ವಲ್ಪ ಹೆಚ್ಚಿನ ಕೆಲಸ. ದಿನಬಳಕೆಯ 2000 ಪದಗಳಿಂದ ಕುರುಡಾಗಿ ಐದನ್ನು ಆರಿಸಿ ಜೋಡಿಸಿದರೆ, ಅದೇ ಯಂತ್ರಕ್ಕೆ ಎಲ್ಲವನ್ನೂ ಪರೀಕ್ಷಿಸಲು ಸುಮಾರು 1000 ವರ್ಷ ಬೇಕು!

ಆದ್ದರಿಂದ ಹೀಗೆ ಮಾಡಬಹುದು:

1. ಪುಸ್ತಕವೊಂದನ್ನು ಕಣ್ಣುಮುಚ್ಚಿ ತೆರೆದು, ಬೆರಳಿಟ್ಟಲ್ಲಿನ ಪದ ಬರೆದುಕೊಳ್ಳಿ. ಐದು ಬಾರಿ ಹೀಗೆ ಮಾಡಿ, ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿ ಬರೆಯಿರಿ. ಮನಸ್ಸಿಗೆ ಹಿಡಿದ ಪದ, ಮನೆದೇವರ ಹೆಸರು, ತೋಟದ ಹೆಸರು ಬೇಡ. ಒಟ್ಟು 63 ಅಕ್ಷರ ಮೀರಬಾರದು.

2. ಅದನ್ನು ಚೀಟಿಯಲ್ಲಿ ಬರೆದು ಕಪಾಟಿನಲ್ಲಿಡಿ. ಬೇಲಿಯಾಚೆಯವನ ಕೈ ಕಪಾಟಿಗೆ ಎಟುಕದು.

3. ರೂಟರಿನ ಒಳಗಿನ ವ್ಯವಸ್ಥೆಗೆ ಬೇರೆಯೇ ಪಾಸ್‌ವರ್ಡ್ ಇರುತ್ತದೆ. ಅದನ್ನೂ ಬದಲಿಸಿ. ಗುಂಡಿ ಒತ್ತಿ ಅಥವಾ ಪಿನ್ ಕೊಟ್ಟು ಜೋಡಿಸುವ ಡಬ್ಲ್ಯೂಪಿಎಸ್ ಸೌಲಭ್ಯವನ್ನು ನಿಲ್ಲಿಸಿ.

4. ಭದ್ರತೆಯ ಬಗೆ ಡಬ್ಲ್ಯೂಪಿಎ-2 ಅಥವಾ 3 ಇರಲಿ. 2001ರಲ್ಲೇ ದೋಷ ಬಯಲಾದ ಡಬ್ಲ್ಯೂಇಪಿ ಸರ್ವಥಾ ಬೇಡ.

5. ನೆಂಟರಿಗೆ, ವ್ಯಾಪಾರಿಗಳಿಗೆ ಅತಿಥಿ ಜಾಲವನ್ನು ಪ್ರತ್ಯೇಕವಾಗಿ ತೆರೆದು ಕೊಡಿ.

ಒಂದು ಸಂಜೆಯ ಕೆಲಸವಿದು. ಕುಯ್ಲಿನ ಗಡಿಬಿಡಿ ಆರಂಭವಾಗುವ ಮೊದಲೇ ಮುಗಿಸಿಕೊಳ್ಳುವುದು ಲೇಸು.

– ಕಾರ್ಯದರ್ಶಿ